ಸಂಚಿಯೊಳಗಿನ ಪಾನಾ

ಎಂಬತ್ತರ ಹತ್ತಿರ ಬಂದ ಹಳ್ಳಿ ಹೆಂಗಸೊಬ್ಬಳ ಎಲೆ-ಅಡಿಕೆ ಸಂಚಿಯಲ್ಲಿ ಏನೇನಿರುತ್ತದೆ, ಹೇಳಿ ನೋಡೋಣ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅಡಕೊತ್ತು, ಮಡಿಚಿ ಮಡಿಚಿ ಉಗುರಿನಷ್ಟಾದ ಹಳೆಯ ಬಸ್ ಟಿಕೆಟ್ಟು, ಮೊಮ್ಮಕ್ಕಳಿಗೆಂದು ಇಟ್ಟು ಮರೆತ ಪೆಪ್ಪರಮೆಂಟು. ನಮ್ಮವ್ವನ ಸಂಚಿಯಲ್ಲೂ ಇವೆಲ್ಲ ಇವೆ. ಇವುಗಳ ಜೊತೆಗೆ ಒಂದು ಪಾನಾ ಇದೆ. ನಟ್ಟು ಬಿಚ್ಚುವ ಕಬ್ಬಿಣದ ಪಾನಾ, ಹತ್ತು ನಂಬರಿನದು. ಕಾರಿನ ಬ್ಯಾಟರಿ ಬಿಚ್ಚಲು ಅದೇ ಬೇಕು.

ಅವ್ವ ಯಾವತ್ತೂ ಕಾರು ಓಡಿಸಿದವಳಲ್ಲ. ಕಾರಿನಲ್ಲಿ ಕೂತದ್ದೂ ಕಡಿಮೆಯೇ. ನಿಜವಾಗಿ ಕೂರಬೇಕೆಂದು ತಾನಾಗಿ ಹೋಗಿ ಕೂತದ್ದು ಒಂದೇ ಸಲ, ಅವಳು ಕೂತಾಗ ಅದು ಚಾಲೂ ಆಗಲಿಲ್ಲ. ಅದನ್ನೇ ಹೇಳಹೊರಟಿದ್ದೇನೆ. ನಡುವೆ ಅತ್ತಿತ್ತ ಹೊರಳಿದರೆ ಸಹಿಸಿಕೊಳ್ಳಿ. ಇಷ್ಟು ವರ್ಷ ಮಕ್ಕಳ ಮುಂದೆ ನಿಂತು ಮಾತಾಡಿ ಮಾತಾಡಿ ಬಂದ ಚಟ ಇದು, ಪಾಠ ಬಿಟ್ಟು ಉಳಿದದ್ದೆಲ್ಲ ಹೇಳುವುದು.

ನೆನಪಾಗಲು ಕಾರಣ ನನ್ನದೇ ಕಾರು. ಬೆಟಗೇರಿಯಲ್ಲಿ ನಮ್ಮ ಮನೆ. ಲಕ್ಷ್ಮೇಶ್ವರದ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ದಿನಾ ಹೋಗಿ ಬರಲು ಒಂದು ಹಳೆಯ ಕಾರು ಇಟ್ಟುಕೊಂಡಿದ್ದೇನೆ. ಚಳಿ ಬಿತ್ತೆಂದರೆ ಅದಕ್ಕೂ ನನ್ನ ಮೊಣಕಾಲಿನ ಹಾಗೆಯೇ, ಮುಂಜಾನೆ ಏಳಲು ಮನಸ್ಸಿರುವುದಿಲ್ಲ. ಇವತ್ತು ಕೀಲಿ ತಿರುವಿದರೆ ಟಕ್ ಅಂದಿತು. ಇನ್ನೊಮ್ಮೆ ತಿರುವಿದರೆ ಅದೂ ಇಲ್ಲ. ಒಂಬತ್ತನೆಯ ತರಗತಿಗೆ ಈ ವಾರ ನಾನು ಮಾಡುತ್ತಿರುವ ಪಾಠ ವಿದ್ಯುತ್ ಮಂಡಲ. ಮಂಡಲ ಪೂರ್ತಿಯಾಗದೆ ಪ್ರವಾಹ ಹರಿಯುವುದಿಲ್ಲ ಎಂದು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಬಂದವಳು, ಸ್ಟೇರಿಂಗಿಗೆ ಹಣೆ ಹಚ್ಚಿ ಕೂತಿದ್ದೆ.

ಒಂದು ಹೆಂಗಸಿನ ಕಾರು ಕೆಟ್ಟು ನಿಂತರೆ ನಮ್ಮ ಓಣಿಯ ಗಂಡಸರಿಗೆ ಎಲ್ಲಿಂದ ಪುರುಸೊತ್ತು ಬರುತ್ತದೋ ದೇವರೇ ಬಲ್ಲ. ಮಗ್ಗದ ಸಪ್ಪಳ ನಿಂತಿತು. ಒಬ್ಬರು ಪೆಟ್ರೋಲ್ ಮುಗಿದಿರಬೇಕು ಅಂದರು. ಇನ್ನೊಬ್ಬರು ಹಾರನ್ ಹೊಡೆಸಿ ನೋಡಿದರು, ಅದು ಕೆಮ್ಮಿದಂತೆ ಮಾಡಿ ಸುಮ್ಮನಾಯಿತು. ಮತ್ತೊಬ್ಬರು ಮುಂದಿನ ಗಾಲಿಗೆ ಲಿಂಬೆಹಣ್ಣು ಇಡಿಸಿ ಎಷ್ಟು ದಿನವಾಯಿತೆಂದು ವಿಚಾರಿಸಿದರು. ಎಲ್ಲರೂ ಕೊನೆಗೆ ಕೇಳಿದ್ದು ಮಾತ್ರ ಒಂದೇ, ಸಾಹೇಬರು ಊರಲ್ಲಿಲ್ಲವೇ ಎಂದು. ಸಾಹೇಬರು, ಅಂದರೆ ನನ್ನ ಗಂಡ, ಹುಬ್ಬಳ್ಳಿಯ ಬ್ಯಾಂಕಿನಲ್ಲಿದ್ದಾರೆ, ಶನಿವಾರ ಬರುತ್ತಾರೆ, ಬಂದರೂ ಅವರಿಗೆ ಬಾನೆಟ್ ಎತ್ತಲು ಬರುವುದಿಲ್ಲ. ಅದನ್ನು ಓಣಿಗೆ ಹೇಳುವ ಹಾಗಿಲ್ಲವಲ್ಲ.

ಅಷ್ಟರಲ್ಲಿ ಅವ್ವ ಹೊರಗೆ ಬಂದಳು. ಕಟ್ಟೆಯ ಮೇಲೆ ಕೂತು ಸಂಚಿ ಬಿಚ್ಚಿ, ಎಲೆಗಳ ಕೆಳಗಿನಿಂದ ಪಾನಾ ತೆಗೆದು ನನ್ನತ್ತ ಚಾಚಿದಳು.

"ಬ್ಯಾಟರಿ ಐತೇನು ನೋಡು ಮದಲ," ಎಂದಳು.

ಓಣಿ ನಕ್ಕಿತು. ಬ್ಯಾಟರಿ ಸರಿ ಇದೆಯೇ ನೋಡು ಎಂದು ಯಾರಾದರೂ ಹೇಳುತ್ತಾರೆ, ಇದೆಯೇ ನೋಡು ಎಂದು ಯಾರು ಹೇಳುತ್ತಾರೆ? ನನಗೆ ನಗು ಬರಲಿಲ್ಲ. ಬಾನೆಟ್ ಎತ್ತಿದೆ. ಬ್ಯಾಟರಿ ಇತ್ತು. ತುದಿಗೆ ನೀಲಿ-ಬಿಳಿ ಬೂಸು ಹಿಡಿದಿತ್ತು, ಅಷ್ಟೇ. ಬಿಸಿನೀರಿಗೆ ಸೋಡಾಪುಡಿ ಹಾಕಿ ತೊಳೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕತೊಡಗಿದೆ. ಕೈ ಇಲ್ಲಿತ್ತು, ಮನಸ್ಸು ಹರ್ತಿಗೆ ಹೋಗಿಬಿಟ್ಟಿತ್ತು.

ಹರ್ತಿ ನನ್ನ ತವರು. ಅಲ್ಲಿ ನಮ್ಮ ಅಪ್ಪನಿಗೂ ದೊಡ್ಡಪ್ಪನಿಗೂ ಕೂಡಿ ಒಂದು ಬಾವಿಯಿತ್ತು. ಹೊಲ ಹಂಚಿಕೊಂಡರು, ಎತ್ತು ಹಂಚಿಕೊಂಡರು, ಬಾವಿಯನ್ನು ಹೇಗೆ ಹಂಚುವುದು? ಪಾಳಿ ಹಾಕಿಕೊಂಡರು. ಒಂದು ದಿನ ಅವರು ನೀರು ಹಾಯಿಸಬೇಕು, ಮರುದಿನ ನಾವು. ಮೋಟರ್ ಒಂದೇ, ಆದರೆ ಒಂದೇ ಕಂಬಕ್ಕೆ ಎರಡು ಸ್ಟಾರ್ಟರ್ ಪೆಟ್ಟಿಗೆ, ಎರಡು ಕೀಲಿ. ಒಬ್ಬರ ಪಾಳಿಯಲ್ಲಿ ಇನ್ನೊಬ್ಬರ ಪೆಟ್ಟಿಗೆ ಮುಟ್ಟುವಂತಿಲ್ಲ. ಅಮಾವಾಸ್ಯೆ ಮಾತ್ರ ಯಾರ ಪಾಳಿಯೂ ಅಲ್ಲ. ಆ ದಿನ ಎತ್ತಿಗೆ ನೇಗಿಲಿಲ್ಲ, ಮೋಟರಿಗೆ ಕರೆಂಟಿಲ್ಲ. ಬಾವಿ ಗಂಟಲತನಕ ತುಂಬಿಕೊಳ್ಳುತ್ತಿತ್ತು. ನಾವು ಹುಡುಗರು ಹುಡುಗಿಯರೆಲ್ಲ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಧುಮುಕುತ್ತಿದ್ದೆವು. ದೊಡ್ಡಪ್ಪನ ಮಕ್ಕಳೂ ನಾವೂ ಮಾತಾಡಲು ಅಡ್ಡಿಯಿಲ್ಲದ ದಿನ ಅದೊಂದೇ. ಯಾರದೂ ಅಲ್ಲದ ದಿನ ಎಂದರೆ ಎಲ್ಲರ ದಿನ ಎಂದು ನಾನು ಬಹಳ ಕಾಲ ನಂಬಿದ್ದೆ. ಸಣ್ಣವರಿದ್ದಾಗ ಏನೆಲ್ಲ ನಂಬುತ್ತೇವೆ ನೋಡಿ.

ಅಪ್ಪ ಕೊನೆಗಾಲಕ್ಕೆ ಒಂದು ಬಿಳಿ ಕಾರು ಕೊಂಡ. ಹಳೆಯದೇ, ಪೆಟ್ರೋಲಿನದು. ಅದನ್ನು ಓಡಿಸಿದ್ದಕ್ಕಿಂತ ಒರೆಸಿದ್ದು ಹೆಚ್ಚು. ಅವ್ವ ಒಂದು ದಿನ ತಂಗಿಯ ಊರಿಗೆ ಇದರಲ್ಲಿ ಹೋಗೋಣ ಅಂದಳಂತೆ, ಮಳೆಗಾಲ ಮುಗಿಯಲಿ ಅಂದನಂತೆ. ಮಳೆಗಾಲ ಮುಗಿಯಿತು, ಅಪ್ಪನೂ ಮುಗಿದ.

ಆಮೇಲೆ ನನ್ನ ಅಣ್ಣ ಶೇಖಪ್ಪ, ತಮ್ಮ ಮಲ್ಲಪ್ಪ ಬೇರೆಯಾದರು. ಗೋಡೆ ಎಬ್ಬಿಸಿ ಮನೆ ಎರಡು ಮಾಡಿದರು. ಕಾರಿನ ನಡುವೆ ಗೋಡೆ ಎಬ್ಬಿಸಲು ಬರುವುದಿಲ್ಲ. ಮಾರಲು ಇಬ್ಬರಿಗೂ ಮನಸ್ಸಿಲ್ಲ, ಅಪ್ಪನ ಕಾರು ಎಂಬ ಪ್ರೀತಿಯಿಂದಲ್ಲ, ಮಾರಿದರೆ ಇಬ್ಬರಲ್ಲಿ ಮತ್ತೊಬ್ಬನೇ ಕೊಂಡುಬಿಟ್ಟಾನು ಎಂಬ ಉರಿಯಿಂದ. ಬಾವಿಯ ಪದ್ಧತಿಯೇ ಇದಕ್ಕೂ ಆಗಲಿ ಎಂದು ಹಿರಿಯರು ಕೂತು ಬಗೆಹರಿಸಿದರು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಬ್ಬೊಬ್ಬರ ಪಾಳಿ. ಮತ್ತು ಬಾವಿಗೆ ಎರಡು ಸ್ಟಾರ್ಟರ್ ಇದ್ದಂತೆ ಕಾರಿಗೆ ಎರಡು ಬ್ಯಾಟರಿ. ತನ್ನ ಪಾಳಿ ಮುಗಿದ ಕೂಡಲೇ ತನ್ನ ಬ್ಯಾಟರಿ ಬಿಚ್ಚಿಕೊಂಡು ಹೋಗುವುದು, ಮುಂದಿನವನು ತನ್ನದು ತಂದು ಹಾಕುವುದು. ಬ್ಯಾಟರಿಯಿಲ್ಲದೆ ಇನ್ನೊಬ್ಬ ಕದ್ದು ಓಡಿಸಲಾರ ಎಂಬ ಭದ್ರತೆ. ಇದನ್ನು ಕೇಳಿದ ಹೊರಗಿನವರು ನಗುತ್ತಾರೆ. ಹರ್ತಿಯಲ್ಲಿ ಯಾರೂ ನಗಲಿಲ್ಲ, ಎಷ್ಟು ಚೊಕ್ಕ ಮಾಡಿದಿರಿ ಎಂದರು.

ಅದೇ ಕೂಟದಲ್ಲಿ ಅವ್ವನಿಗೂ ಪಾಳಿ ಬಿತ್ತು. ಅದೂ ಅಮಾವಾಸ್ಯೆಯಿಂದ ಅಮಾವಾಸ್ಯೆಗೇ, ನೆನಪಿಡಲು ಸುಲಭವಾಗಲಿ ಎಂದು. ಕಾರು ಅಣ್ಣನ ಕಡೆ ಇದ್ದಾಗ ಅವ್ವ ತಮ್ಮನ ಕಡೆ, ಕಾರು ತಮ್ಮನ ಕಡೆ ಬಂದಾಗ ಅವ್ವ ಅಣ್ಣನ ಕಡೆ. ಒಂದು ಸುಖಕ್ಕೆ ಒಂದು ಭಾರ ಎಂದು ತೂಗಿ ಇಟ್ಟಿದ್ದರು. ಹೆಣ್ಣುಮಗಳು ನಾನು ಆ ಕೂಟದಲ್ಲಿ ಚಹಾ ಸೋಸುತ್ತಿದ್ದೆ. ನನ್ನನ್ನು ಕೇಳಿದವರು ಯಾರು?

ಅವ್ವ ಆಗಿನಿಂದ ಅಮಾವಾಸ್ಯೆಗೆ ಉಪವಾಸ ಹಿಡಿದಳು. ಸೊಸೆಯಂದಿರಿಬ್ಬರೂ ಅವಳ ಭಕ್ತಿಯನ್ನು ಊರ ತುಂಬ ಹೊಗಳಿದರು. ಎರಡೂ ಒಲೆಯ ಮೇಲೆ ಹೋಳಿಗೆ ಬೇಯುತ್ತಿರುವಾಗ ಅವಳು ನಡುಗೋಡೆಗೆ ಬೆನ್ನು ಕೊಟ್ಟು ಎಲೆ ಹಾಕಿಕೊಂಡು ಕೂತಿರುತ್ತಿದ್ದಳು. ಆ ದಿನ ಅವಳ ಊಟ ಯಾರ ಮನೆಯ ಲೆಕ್ಕ ಎಂದು ಯಾರೂ ಹೇಳಿರಲಿಲ್ಲ. ಉಪವಾಸ ಎಂದರೆ ಯಾರೂ ಏನೂ ಹೇಳಬೇಕಾಗಿಯೇ ಇಲ್ಲ. ನನಗೆ ಇದು ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಬೆಟಗೇರಿಯಲ್ಲಿ ಒಂದು ಅಮಾವಾಸ್ಯೆಯ ದಿನ ಅವಳು ಎರಡು ಹೋಳಿಗೆ ತಿಂದು ಮೂರನೆಯದಕ್ಕೆ ತಾಟು ಮುಂದೆ ಸರಿಸಿದಾಗ.

ಈಗ ಅವ್ವ ತಾನಾಗಿ ಹೋಗಿ ಕಾರಿನಲ್ಲಿ ಕೂತ ಆ ಎಳ್ಳಮಾವಾಸ್ಯೆಗೆ ಬರುತ್ತೇನೆ. ಹಬ್ಬಕ್ಕೆಂದು ಸಣ್ಣ ಮಕ್ಕಳಿಬ್ಬರನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಹರ್ತಿಗೆ ಹೋಗಿದ್ದೆ. ಊರಿಗೆ ಊರೇ ಚರಗ ಚೆಲ್ಲಲು, ಭೂಮಿತಾಯಿಗೆ ಎಡೆ ಎರಚಲು, ಬುಟ್ಟಿ ಹೊತ್ತು ಹೊಲಕ್ಕೆ ಹೊರಟಿತ್ತು. ಅಣ್ಣನ ಮನೆಯವರು ಬೆಳಗಿನಲ್ಲೇ ಹೋಗಿದ್ದರು. ತಮ್ಮ ಚಕ್ಕಡಿಗೆ ಬುಟ್ಟಿ ಏರಿಸುತ್ತಿದ್ದ. ಆಗ ನನ್ನ ಫೋನಿಗೆ ಸಿಂಗಟಾಲೂರಿನಿಂದ ಕರೆ ಬಂತು. ಅಲ್ಲಿ ಚಿಗವ್ವ ಇದ್ದಳು, ಅವ್ವನ ಒಬ್ಬಳೇ ತಂಗಿ. ಹಾಸಿಗೆ ಹಿಡಿದು ದಿನಗಳಾಗಿದ್ದವು. ಇವತ್ತು ಉಳಿಯುವಂತೆ ಕಾಣುವುದಿಲ್ಲ, ಬಾಯಿ ಬಿಟ್ಟರೆ ಅಕ್ಕ ಅಕ್ಕ ಅನ್ನುತ್ತಾರೆ, ಕೂಡಲೇ ಕರಕೊಂಡು ಬರ್ರಿ ಎಂದಳು ಅವಳ ಸೊಸೆ.

ಅವ್ವ ಅಳಲಿಲ್ಲ. ಒಳಗೆ ಹೋಗಿ ಸೀರೆ ಬದಲಿಸಿ, ತಂಗಿಗೆ ಸೇರುತ್ತದೆಂದು ಒಂದು ಎಳ್ಳಹೋಳಿಗೆಯನ್ನು ಅರಿವೆಯಲ್ಲಿ ಕಟ್ಟಿಕೊಂಡು, ಸಂಚಿ ಹಿಡಿದು ಬಂದು, ಯಾರನ್ನೂ ಕೇಳದೆ ಕಾರಿನ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತಳು. ಮುಂಡರಗಿ ದಾಟಿ ಹೊಳೆದಂಡೆಯ ಆ ಊರು ಮುಟ್ಟಲು ಬಸ್ಸಿನಲ್ಲಾದರೆ ಎರಡು ಕಡೆ ಬದಲಿಸಬೇಕು, ಹಬ್ಬದ ದಿನ ಬಸ್ಸಿಗೆ ಕಾದರೆ ಕಾದಂತೆಯೇ. ಬಾಡಿಗೆ ಗಾಡಿಯವರೆಲ್ಲ ಹೊಲದಲ್ಲಿದ್ದರು. ಕಾರಾದರೆ ತಾಸು, ಒಂದೂವರೆ ತಾಸು.

ಮಲ್ಲಪ್ಪ ಕೀಲಿ ತಿರುವಿದ. ಸಪ್ಪಳವೇ ಇಲ್ಲ. ಬ್ಯಾಟರಿ ಇಳಿದಿರಬೇಕು, ತಳ್ಳಿದರೆ ಹಿಡಿಯುತ್ತದೆ ಎಂದ. ಹೊಲಕ್ಕೆ ಹೊರಟಿದ್ದ ನಾಲ್ಕು ಜನ ಬುಟ್ಟಿ ಇಳಿಸಿ ಕೈ ಹಚ್ಚಿದರು. ನಾನೂ ಹಚ್ಚಿದೆ. ಅವ್ವನನ್ನು ಒಳಗೆ ಕೂರಿಸಿಕೊಂಡೇ ಹನುಮಪ್ಪನ ಗುಡಿಯ ತನಕ ತಳ್ಳಿದೆವು. ಎರಡನೆಯ ಗೇರಿಗೆ ಹಾಕಿ ಅವನು ಕ್ಲಚ್ಚು ಬಿಟ್ಟಾಗಲೆಲ್ಲ ಗಾಡಿ ಮುಗ್ಗರಿಸುತ್ತಿತ್ತು, ನಿಲ್ಲುತ್ತಿತ್ತು. ಬಾನೆಟ್ ಎತ್ತುವ ಬುದ್ಧಿ ಬಂದದ್ದು ಗುಡಿಯ ಮುಂದೆ. ಎತ್ತಿದರೆ ಬ್ಯಾಟರಿ ಇಡುವ ಜಾಗ ಖಾಲಿ. ಪೆಟ್ರೋಲ್ ಗಾಡಿಗೆ ಬ್ಯಾಟರಿಯೇ ಇಲ್ಲದಿದ್ದರೆ ಕಿಡಿ ಎಲ್ಲಿಂದ ಹುಟ್ಟಬೇಕು? ಮುಂಡರಗಿಯ ತನಕ ತಳ್ಳಿದ್ದರೂ ಅಷ್ಟೇ ಇತ್ತು.

ಅಣ್ಣ ಹೊಲಕ್ಕೆ ಹೋಗುವ ಮೊದಲೇ ತನ್ನ ಬ್ಯಾಟರಿ ಬಿಚ್ಚಿ ಒಳಗಿಟ್ಟು ಕೀಲಿ ಹಾಕಿದ್ದ. ಅವನ ಪ್ರಕಾರ ಅವನ ಪಾಳಿ ನಿನ್ನೆಗೇ ಮುಗಿದಿತ್ತು. ತಮ್ಮನ ಬ್ಯಾಟರಿ ತಮ್ಮನ ಮನೆಯ ಪಡಸಾಲೆಯಲ್ಲಿಯೇ ಇತ್ತು, ತುಂಬಿಸಿ ಇಟ್ಟದ್ದು. ಆದರೆ ಅವನ ಪಾಳಿ ನಾಳೆಯಿಂದ. ನಾನು ಫೋನು ಮಾಡಿದೆ. ಅಣ್ಣ ಚರಗ ಅರ್ಧಕ್ಕೆ ಬಿಡಬಾರದು ಎಂದು ಮುಗಿಸಿಕೊಂಡೇ ಮೋಟರ್‌ಸೈಕಲ್ ಮೇಲೆ ಬಂದ. ಬಂದವನು ಕಾರಿನೊಳಗೆ ಬಗ್ಗಿ ಅವ್ವನ ಮುಖ ನೋಡಲಿಲ್ಲ, ಸೀದಾ ಬಾನೆಟ್ಟಿನ ಹತ್ತಿರ ಹೋದ.

"ಇವತ್ತ ಹೊತ್ತು ಮುಣಗೂತನಾ ನಿಂದ ಪಾಳಿ. ನಿನ್ನ ಬ್ಯಾಟರಿ ನೀ ತಂದು ಹಾಕು," ಎಂದ ಮಲ್ಲಪ್ಪ.

"ಅಮಾಸಿ ನನ್ನ ಲೆಕ್ಕದಾಗ ಬರೂದಿಲ್ಲ. ಬಾವಿಗೆ ಹೆಂಗಿತ್ತೋ ಇದಕ್ಕೂ ಹಂಗ. ನಾ ಮಾಡಿದ ಪದ್ಧತಿ ಅಲ್ಲ ಇದು," ಎಂದ ಅಣ್ಣ.

ಹಾಗಾದರೆ ಅದು ನನ್ನ ಲೆಕ್ಕಕ್ಕೂ ಇಲ್ಲ ಎಂದ ತಮ್ಮ. ಇವತ್ತು ಹಾಕಿದರೆ ಕೊನೆಗೆ ಒಂದು ದಿನ ಖೋತಾ ಆಗುತ್ತದೆ, ಅದನ್ನು ತುಂಬಿಕೊಡುವವರು ಯಾರು ಎಂದ. ಅಲ್ಲಿ ಚಿಗವ್ವನ ಜೀವ ಹೋಗುತ್ತಿದೆಯಲ್ಲೋ ಎಂದು ನಾನು ಕಿರುಚಿದೆ. ಗೊತ್ತಿದೆ ಎಂದರು ಇಬ್ಬರೂ, ಒಟ್ಟಿಗೇ. ಆ ದಿನ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಎತ್ತಿ ನಿಲ್ಲಿಸಿದ್ದ ಬಾನೆಟ್ಟು ಅಡ್ಡವಾಗಿ ಅವ್ವನಿಗೆ ಮಕ್ಕಳ ಮುಖ ಕಾಣುತ್ತಿರಲಿಲ್ಲ. ಮಾತಷ್ಟೇ ಕೇಳುತ್ತಿತ್ತು. ಅವಳು ಮಡಿಲಲ್ಲಿ ಸಂಚಿ ಇಟ್ಟುಕೊಂಡು, ಹೊರಟೇಬಿಟ್ಟ ಗಾಡಿಯಲ್ಲಿ ಕೂತವರ ಹಾಗೆ ಮುಂದಿನ ಸೀಟನ್ನು ಒಂದು ಕೈಯಿಂದ ಹಿಡಿದುಕೊಂಡು ಕೂತಿದ್ದಳು. ಅಷ್ಟು ಹೊತ್ತಿನಲ್ಲಿ ಅವಳು ಆಡಿದ್ದು ಒಂದೇ ಮಾತು.

"ಯಾರದರ ಒಂದು ಹಾಕ್ರೋ ಯಪ್ಪಾ."

ಅವರು ಕೇಳಿಸಿಕೊಂಡರು. ಹಾಕಲಿಲ್ಲ. ಅಪ್ಪ ಇದ್ದಾಗ ಬಾವಿಗೆ ಏನು ಮಾಡಿದ್ದರು, ದೊಡ್ಡಪ್ಪ ಏನಂದಿದ್ದ, ಅದರ ಮೇಲೆ ಮಾತು ಬೆಳೆಯಿತು. ಹೊಲಕ್ಕೆ ಹೊರಟವರೂ ನಿಂತು, ಕೆಲವರು ಅಮಾವಾಸ್ಯೆ ಹಿಂದಿನ ಪಾಳಿಗೆ ಸೇರಬೇಕು ಎಂದರು, ಕೆಲವರು ಮುಂದಿನದಕ್ಕೆ ಎಂದರು. ನನಗೆ ಇವತ್ತಿಗೂ ಸಿಟ್ಟು ಇಳಿಯದೆ ಇರುವುದು ಇದಕ್ಕೆ. ಅಣ್ಣ-ತಮ್ಮ ಹೊಡೆದಾಡಿದ್ದರೆ ಅರ್ಥವಾಗುತ್ತಿತ್ತು. ಅವರು ದ್ವೇಷದಿಂದಲೂ ಮಾತಾಡಲಿಲ್ಲ, ನ್ಯಾಯದಿಂದ ಮಾತಾಡಿದರು. ಇಬ್ಬರ ಮಾತಿನಲ್ಲೂ ಒಂದು ತಪ್ಪು ಹುಡುಕಲು ಬರುತ್ತಿರಲಿಲ್ಲ.

ಕೊನೆಗೆ ಅವ್ವ ಕಾರಿನಿಂದ ಇಳಿದಳು. ಯಾರನ್ನೂ ನೋಡದೆ ಬಸ್ ನಿಲ್ಲುವ ಕಡೆಗೆ ನಡೆಯತೊಡಗಿದಳು. ಊರ ಮಂದಿಯ ಎದುರು ತಾಯಿ ಹಾಗೆ ನಡೆದು ಹೋಗುವುದು ಚೆನ್ನಾಗಿ ಕಾಣುವುದಿಲ್ಲ ಎಂದು ಮಲ್ಲಪ್ಪ ಓಡಿಹೋಗಿ ಬ್ಯಾಟರಿ ಹೊತ್ತು ತಂದ. ಇದರಿಂದ ನನ್ನ ಪಾಳಿ ಇವತ್ತಿನಿಂದ ಎಂದಾಗುವುದಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿಯೇ ಇಳಿಸಿದ. ಅಣ್ಣ ಕಿಸೆಯಿಂದ ಪಾನಾ ತೆಗೆದು ಕೊಟ್ಟ, ವಾಪಸು ಬರಬೇಕು ಎಂದ. ನಟ್ಟು ಬಿಗಿದರು. ಒಂದೇ ಸಲಕ್ಕೆ ಗಾಡಿ ಚಾಲೂ ಆಯಿತು. ಅದಕ್ಕೆ ಏನೂ ಆಗಿರಲಿಲ್ಲ.

ನನ್ನ ಮಕ್ಕಳನ್ನು ಮಲ್ಲಪ್ಪನ ಹೆಂಡತಿಯ ಹತ್ತಿರ ಬಿಟ್ಟು ನಾನೂ ಹತ್ತಿದೆ, ಬಸ್ ನಿಲ್ಲುವಲ್ಲಿ ಅವ್ವನನ್ನು ಹತ್ತಿಸಿಕೊಂಡು ಹೊರಟೆವು. ದಾರಿಯುದ್ದಕ್ಕೂ ಹೊಲಗಳಲ್ಲಿ ಜನ ಕೂತು ಉಣ್ಣುತ್ತಿದ್ದರು. ಎಳೆಯ ಕಡಲೆ, ಬಿಳಿಜೋಳದ ತೆನೆ, ಬುತ್ತಿ. ಸಿಂಗಟಾಲೂರಿನ ಓಣಿಗೆ ಕಾರು ಹೊರಳಿದಾಗಲೇ ಅಂಗಳದಲ್ಲಿ ಜನ ಕಂಡರು, ನನಗೆ ಗೊತ್ತಾಯಿತು. ಅವ್ವನಿಗೆ ಗೊತ್ತಾದದ್ದು ಹೊಸ್ತಿಲ ಮೇಲೆ. ಚಿಗವ್ವನ ಸೊಸೆ ಅವಳ ಕೈ ಹಿಡಿದುಕೊಂಡಳು.

"ಈಗರ ಹೋದ್ರರಿ ಅತ್ತಿ. ಮುಂಜಾನಿಂದ ದಾರಿ ಕಾದ್ರು. ಗಾಡಿ ಸಪ್ಪಳಾದಾಗೊಮ್ಮೆ ಕಣ್ಣು ತೆಗೀತಿದ್ರು."

ಅವ್ವ ತಂಗಿಯ ಪಕ್ಕ ಕೂತು ಅರಿವೆ ಬಿಚ್ಚಿ ಆ ಹೋಳಿಗೆಯನ್ನು ನೋಡಿದಳು, ಮತ್ತೆ ಕಟ್ಟಿದಳು. ಮಲ್ಲಪ್ಪ ಹೊರಗೆ ನಿಂತು ಬಂದವರಿಗೆಲ್ಲ ಹೇಳುತ್ತಿದ್ದ, ಬ್ಯಾಟರಿ ಇದ್ದಿದ್ದರೆ ಮುಟ್ಟುತ್ತಿದ್ದೆವು, ಅಣ್ಣ ಬಿಚ್ಚಿಕೊಂಡು ಹೋಗಿದ್ದ ಎಂದು. ಅಣ್ಣ ಆ ಸಂಜೆ ಹರ್ತಿಯಲ್ಲಿ ಹೇಳಿದ್ದು ಇದರ ಉಲ್ಟಾ.

ತಿರುಗಿ ಬರುವಾಗ ಸೀಟಿನ ಮೇಲೆ ಬಿದ್ದಿದ್ದ ಪಾನಾವನ್ನು ಅವ್ವ ಎತ್ತಿಕೊಂಡದ್ದನ್ನು ನಾನು ನೋಡಿದೆ. ಸೆರಗಿನಿಂದ ಗ್ರೀಸು ಒರೆಸಿ ಸಂಚಿಗೆ ಇಳಿಸಿದಳು. ಅಣ್ಣ ತನ್ನ ಪಾನಾ ಕೇಳಿದ, ತಮ್ಮ ನಾನು ಮುಟ್ಟಿಲ್ಲ ಎಂದ, ಅದಕ್ಕೂ ಒಂದು ಜಗಳವಾಯಿತು. ಅವ್ವ ಬಾಯಿ ಬಿಡಲಿಲ್ಲ. ಎಷ್ಟೋ ದಿನಗಳ ಮೇಲೆ ನಾನು ಕೇಳಿದ್ದಕ್ಕೆ, ಅದು ಇಲ್ಲದಿದ್ದರೆ ಬ್ಯಾಟರಿ ಬಿಚ್ಚಲು ಬರುವುದಿಲ್ಲ ಎಂದುಕೊಂಡಿದ್ದೆ ಎಂದಳು. ಪಾನಾ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅದೇ ವಾರ ಅಣ್ಣ ಗದಗಿನಿಂದ ಹೊಸದು ತಂದಿದ್ದ.

ಮುಂದಿನ ಅಮಾವಾಸ್ಯೆಗೆ ಅವ್ವ ಹರ್ತಿ ಬಿಟ್ಟಳು. ಸಂಚಿ, ಎರಡು ಸೀರೆ, ಮುಂಜಾನೆಯ ಬಸ್ಸು, ಸೀದಾ ನನ್ನ ಮನೆ. ಆ ದಿನ ಅವಳು ಯಾರ ಪಾಳಿಗೂ ಸೇರಿದವಳಲ್ಲ, ಹೀಗಾಗಿ ಯಾರೂ ಹುಡುಕಲಿಲ್ಲ. ಮರುದಿನವೂ ಹುಡುಕಲಿಲ್ಲ. ಒಬ್ಬ ಅವಳು ಇನ್ನೂ ಆ ಮನೆಯಲ್ಲೇ ಇದ್ದಾಳೆ ಎಂದುಕೊಂಡ, ಇನ್ನೊಬ್ಬ ಈ ಮನೆಗೆ ಹೋದಳು ಎಂದುಕೊಂಡ. ನಾನೇ ಫೋನು ಮಾಡಿ ಹೇಳಬೇಕಾಯಿತು. ಹೌದೇನು, ಇರಲಿ ಬಿಡು, ನಾಲ್ಕು ದಿನ ಇದ್ದು ಬರಲಿ ಅಂದರು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ನಾನು ಆಗ ಶಿರಹಟ್ಟಿಯಲ್ಲಿ ಕೆಲಸದಲ್ಲಿದ್ದೆ, ಅಲ್ಲಿಯ ರಸ್ತೆಯ ಮೇಲೆಯೇ ಡ್ರೈವಿಂಗ್ ಕಲಿತೆ. ಎಷ್ಟು ಸಲ ಗಟಾರಕ್ಕೆ ಇಳಿಸಿದೆ ಎಂಬುದನ್ನು ಕೇಳಬೇಡಿ. ಅಪ್ಪನ ಬಿಳಿ ಕಾರು ಈಗ ಹರ್ತಿಯಲ್ಲಿ ಇಟ್ಟಂಗಿಗಳ ಮೇಲೆ ನಿಂತಿದೆ, ಅದರ ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತದೆ. ಅಣ್ಣ-ತಮ್ಮ ಇಬ್ಬರಿಗೂ ಬೇರೆ ಬೇರೆ ಹೊಸ ಕಾರುಗಳಿವೆ. ಅವ್ವನನ್ನು ನೋಡಲು ಬರುವಾಗಲೂ ಬೇರೆ ಬೇರೆಯೇ ಬರುತ್ತಾರೆ, ಬಂದರೆ.

ಇವತ್ತು ಮುಂಜಾನೆ ಇಷ್ಟೆಲ್ಲ ನೆನೆಯುವಷ್ಟರಲ್ಲಿ ತುದಿಗಳು ಹೊಳೆಯುವಂತೆ ಸ್ವಚ್ಛವಾಗಿದ್ದವು. ನಟ್ಟು ಬಿಗಿದೆ. ಒಳಗಿನಿಂದ ನನ್ನ ಮಕ್ಕಳ ಜಗಳ ಕೇಳುತ್ತಿತ್ತು. ಈಗ ಇಬ್ಬರೂ ಕಾಲೇಜಿಗೆ ಹೋಗುತ್ತಾರೆ. ಫೋನಿನ ಚಾರ್ಜರ್ ಒಬ್ಬೊಬ್ಬನದು ಒಂದೊಂದು, ಮೇಲೆ ಹೆಸರು ಬರೆದುಕೊಂಡಿದ್ದಾರೆ. ಸಣ್ಣವನ ಚಾರ್ಜರ್ ಕೆಟ್ಟಿತ್ತು. ದೊಡ್ಡವನು ಸ್ನಾನಕ್ಕೆ ಹೋಗುವಾಗ ತನ್ನದನ್ನು ಗೋಡೆಯಿಂದ ಕಿತ್ತು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದ. ನಾನು ನಕ್ಕೆ, ಈ ವಯಸ್ಸೇ ಹಾಗೆ ಎಂದುಕೊಂಡೆ. ಅವ್ವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದಳು.

ಕಾರು ಚಾಲೂ ಆಯಿತು. ಓಣಿಯವರು ಒಬ್ಬರನ್ನೊಬ್ಬರು ಹೊಗಳಿಕೊಂಡು ಮಗ್ಗಕ್ಕೆ ಮರಳಿದರು. ಪಾನಾ ಇರಬೇಕಾದದ್ದು ಕಾರಿನಲ್ಲಿ ಎಂದು ಅದನ್ನು ಮುಂದಿನ ಖಾನೆಗೆ ಹಾಕಿ, ಖಾನೆ ಮುಚ್ಚುವಷ್ಟರಲ್ಲಿ ಕಿಟಕಿಯಲ್ಲಿ ಅವ್ವನ ಕೈ ಬಂತು.

"ಕೊಡಿಲ್ಲಿ ಅದನ್ನ."

"ಗಾಡ್ಯಾಗ ಇರ್ಲಿ ಬೇ ಯವ್ವಾ. ಮತ್ತ ಬೇಕಾಗ್ತೈತಿ."

"ಬೇಕಾದಾಗ ಕೇಳು, ಕೊಡ್ತೀನಿ," ಎಂದಳು ಅವ್ವ. ಕೈ ಹಿಂದಕ್ಕೆ ತೆಗೆಯಲಿಲ್ಲ. "ನಿನಗೂ ಇಬ್ಬರು ಗಂಡಮಕ್ಕಳದಾರ."

ನಾನು ಪಾನಾ ಅವಳ ಕೈಗೆ ಕೊಟ್ಟೆ.